‘ಕಾಂತಾರ’ದ ಕೂಗು, ಕೋಲದ ನುಡಿ

‘ಕಾಂತಾರ’ ಚಲಚ್ಚಿತ್ರ ಕನ್ನಡದಲ್ಲಿ ತೆರೆ ಕಂಡದ್ದು 2022ರ ಸೆಪ್ಟೆಂಬರ್ 30ರಂದು. ಅಕ್ಟೋಬರ್ 14ರ ಶುಕ್ರವಾರ ಅದರ ಹಿಂದಿ ರೂಪ ಬಂತು. ಮರುಸೋಮವಾರ ಬೆಳಿಗ್ಗೆ ನಾನಿನ್ನೂ ಊಟದ ಡಬ್ಬಿಯನ್ನು ಡ್ರಾಯರಿನೊಳಗೆ ಇಟ್ಟಿರಲಿಲ್ಲ, ಎದುರಿನ ಟೇಬಲ್ಲಿನ ಮಿತ್ರರು ಎದ್ದು ಬಂದು, “ನಿಮ್ಮ ಊರಿನಲ್ಲಿ ಭೂತಗಳಿಗೆ ಬಣ್ಣ ಬಳಿದು ಕುಣಿಸುತ್ತಾರಂತಲ್ಲ, ಹೆದರಿಕೆಯಾಗುವುದಿಲ್ಲವೆ?” ಎಂದು ಕೇಳಿದರು. ಹದಿನೆಂಟು ವರ್ಷ ಮುಂಬಯಿಯ ಒಂದೇ ಕಟ್ಟಡದಲ್ಲಿ ಗುಮಾಸ್ತಿಕೆ ಮಾಡಿದ ನನಗೆ ಊರಿನ ಬಗ್ಗೆ ಅಲ್ಲಿಯವರೆಗೆ ಬಂದಿದ್ದ ಪ್ರಶ್ನೆ ಒಂದೇ: ಇಡ್ಲಿ ಮೆತ್ತಗಾಗುವುದಕ್ಕೆ ಏನು ಹಾಕುತ್ತೀರಿ?

ಚಿತ್ರವನ್ನು ನಾನು ಎರಡು ಸಲ ನೋಡಿದೆ. ಮೊದಲು ಮನೆಯವರೊಡನೆ ಕನ್ನಡದಲ್ಲಿ, ಆಮೇಲೆ ಆಫೀಸಿನ ಮಿತ್ರರ ಒತ್ತಾಯಕ್ಕೆ ಹಿಂದಿಯಲ್ಲಿ. ಎರಡನೆಯ ಸಲ ಒಂದು ವಿಷಯ ಹೊಳೆಯಿತು. ಮಾತೆಲ್ಲ ಬದಲಾಗಿತ್ತು, ದೈವದ ಕೂಗು ಮಾತ್ರ ಇದ್ದ ಹಾಗೇ ಇತ್ತು. ಕೂಗಿಗೆ ಡಬ್ಬಿಂಗ್ ಬೇಕಿಲ್ಲವಷ್ಟೆ. ಚಿತ್ರಮಂದಿರದಿಂದ ಹೊರಗೆ ಬರುವಾಗ ಹುಡುಗರು ಮೆಟ್ಟಿಲ ಮೇಲೆ ನಿಂತು ಅದನ್ನೇ ಕೂಗುತ್ತಿದ್ದರು. ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಸ್ವಲ್ಪ ಹೆಮ್ಮೆಯೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

ನಮ್ಮ ಓದುಗರಲ್ಲಿ ಧಾರವಾಡ, ಮೈಸೂರು, ಕಲಬುರಗಿ ಕಡೆಯವರೂ ಇರುವುದರಿಂದ ನಾಲ್ಕು ಮಾತು ವಿವರಿಸಬೇಕು. ಘಟ್ಟದ ಕೆಳಗೆ ಭೂತವೆಂದರೆ ಪಿಶಾಚಿಯಲ್ಲ. ಪಂಜುರ್ಲಿ, ಜುಮಾದಿ, ಗುಳಿಗ, ಕಲ್ಲುರ್ಟಿ, ಕೊರಗಜ್ಜ, ಕೋಟಿ-ಚೆನ್ನಯ, ಹೀಗೆ ನೂರಾರು ಹೆಸರಿನ ದೈವಗಳು ಮನೆಗೆ, ಬೀಡಿಗೆ, ಊರಿಗೆ ಕಾವಲು. ಇವರಲ್ಲಿ ಎಷ್ಟೋ ಮಂದಿ ಹಿಂದೆ ಮನುಷ್ಯರಾಗಿದ್ದವರು, ಅನ್ಯಾಯಕ್ಕೆ ಸಿಕ್ಕವರು. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಇನ್ನೆಲ್ಲೂ ಅಂಥದ್ದನ್ನು ಕೆತ್ತಬಾರದೆಂದು ಅರಸು ಅವನ ಒಂದು ಕೈ, ಒಂದು ಕಾಲು ಕಡಿಸಿದನಂತೆ. ಆ ಶಿಲ್ಪಿಯೇ ಕಲ್ಕುಡ ದೈವ, ಅಣ್ಣನಿಗಾಗಿ ಸೇಡು ತೀರಿಸಿದ ತಂಗಿಯೇ ಕಲ್ಲುರ್ಟಿ. ಕಡಲ ಕರೆಯ ಮೊಗವೀರರು ನಂಬುವ ಬೊಬ್ಬರ್ಯ ಒಬ್ಬ ಮುಸಲ್ಮಾನ ವರ್ತಕನ ಮಗನೆಂದು ಐತಿಹ್ಯ. ಈ ಚಿತ್ರ ಬಂದಾಗ ಭೂತಾರಾಧನೆ ವೈದಿಕವೋ ಅವೈದಿಕವೋ ಎಂದು ಪೇಟೆಯ ಜನ ಬಹಳ ಜಗಳವಾಡಿದರು. ಬೊಬ್ಬರ್ಯನ ಕಥೆ ಗೊತ್ತಿದ್ದವರು ಆ ಜಗಳಕ್ಕೆ ಹೋಗಲಿಲ್ಲ.

ಭೂತವೆಂಬ ಪದ ನಮಗೆ ಹಿಂದಿನಿಂದಲೂ ತೊಂದರೆ ಕೊಟ್ಟಿದೆ. ನ್ಯಾಯಾಧೀಶರಾಗಿದ್ದ ಬರ್ನೆಲ್ ಸಾಹೇಬರು ಕಷ್ಟಪಟ್ಟು ಕಲೆಹಾಕಿದ ಪಾಡ್ದನಗಳು 1890ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾದದ್ದು ‘ತುಳುವರ ಸೈತಾನಪೂಜೆ’ ಎಂಬ ಅರ್ಥದ ತಲೆಬರಹದಲ್ಲಿ. 2025ರ ನವೆಂಬರಿನಲ್ಲಿ ಗೋವೆಯ ಚಿತ್ರೋತ್ಸವದ ವೇದಿಕೆಯಲ್ಲಿ ಹಿಂದಿಯ ಒಬ್ಬ ಜನಪ್ರಿಯ ನಟ ದೈವವನ್ನು ಹೆಣ್ಣು ದೆವ್ವವೆಂದು ಕರೆದು, ಅಭಿನಯಿಸಿ ತೋರಿಸಿ, ಆಮೇಲೆ ಕ್ಷಮೆ ಕೇಳಿದ. ಅವನನ್ನು ಬೈಯುವುದು ಸುಲಭ. ನನ್ನ ಟೇಬಲ್ಲಿನ ಎದುರಿನವರಿಗೆ ಹದಿನೆಂಟು ವರ್ಷದಲ್ಲಿ ಈ ಪದದ ಅರ್ಥ ಹೇಳದೆ ಇದ್ದವನು ನಾನೇ ಅಲ್ಲವೆ?

ಇನ್ನು ಕೋಲ. ಅದನ್ನು ಕಟ್ಟುವವರು ಪಂಬದ, ಪರವ, ನಲಿಕೆ ಜಾತಿಯವರು, ಕುಂದಾಪುರದ ಕಡೆ ಪಾಣರು. ಸಂಜೆ ಅವರಿಗೆ ಎಣ್ಣೆ-ವೀಳ್ಯ ಕೊಡುತ್ತಾರೆ. ಮಿಂದು ಬಂದು ಬಣ್ಣಕ್ಕೆ ಕುಳಿತ ಮೇಲೆ ಅವರ ಮನೆಯ ಹೆಂಗಸು, ತಾಯಿಯೋ ಹೆಂಡತಿಯೋ, ತೆಂಬರೆ ಬಾರಿಸುತ್ತ ಪಾಡ್ದನ ಹೇಳುತ್ತಾಳೆ. ದೈವ ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಬಂತು, ಯಾರ ಮನೆಯಲ್ಲಿ ನೆಲೆಯೂರಿತು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಮುಖಕ್ಕೆ ಅರದಾಳದ ಹಳದಿ, ಸೊಂಟಕ್ಕೆ ತೆಂಗಿನ ಎಳೆಗರಿ, ಬೆನ್ನಿಗೆ ಅಣಿ. ಅಪ್ಪಣೆ ಪಡೆದು ಕಾಲಿಗೆ ಗಗ್ಗರ ಕಟ್ಟಿದ ಮೇಲೆ ಆರ್ಭಟ, ಆವೇಶ, ಕುಣಿತ. ಹೊರಗಿನಿಂದ ಬಂದವರು ಫೋಟೋ ತೆಗೆಯುವುದು ಇಷ್ಟನ್ನು. ಆದರೆ ಊರಿನವರು ಕಾದು ಕುಳಿತಿರುವುದು ಇದಾದ ಮೇಲಿನದಕ್ಕೆ, ನುಡಿಗೆ. ಕುಣಿತ ನಿಂತು ದೈವ ಒಂದೊಂದೇ ಮನೆಯ ಹೆಸರು ಹಿಡಿದು ಕರೆಯುತ್ತದೆ, ದೂರು ಕೇಳುತ್ತದೆ, ಗದರಿಸುತ್ತದೆ, ಅಭಯ ಕೊಡುತ್ತದೆ. ಬೇಲಿಯ ತಕರಾರು, ಹಂಚಿಕೊಳ್ಳದ ಬಾವಿ, ಮಾತು ಬಿಟ್ಟ ಅಣ್ಣತಮ್ಮಂದಿರು, ಎಲ್ಲ ಅಲ್ಲಿ ಬರುತ್ತದೆ. ನನ್ನ ಅಜ್ಜನೂ ಅವನ ತಮ್ಮನೂ ಏಳು ವರ್ಷ ಮಾತಿಲ್ಲದೆ ಇದ್ದವರು ಒಂದು ರಾತ್ರಿ ಪಂಜುರ್ಲಿಯ ಎದುರು ಒಂದೇ ವೀಳ್ಯದೆಲೆಯನ್ನು ಹರಿದು ಹಂಚಿಕೊಂಡದ್ದನ್ನು ತಂದೆ ಹೇಳುತ್ತಿದ್ದರು. ನಾನು ಬಿ.ಎಸ್‌ಸಿ. ಓದಿದವನು, ದೈವ ಮೈಮೇಲೆ ಬರುತ್ತದೆಯೇ ಎಂದು ಕೇಳಿದರೆ ಉತ್ತರ ಹೇಳಲಾರೆ. ಬಾವಿಯ ತಕರಾರು ಮುಗಿದದ್ದನ್ನು ಮಾತ್ರ ಅಲ್ಲವೆನ್ನಲಾರೆ. ನಮ್ಮ ಸೆಕ್ಷನ್ನಿನಲ್ಲಿ ಅಂಥ ಒಂದು ಅರ್ಜಿ ಎಷ್ಟು ಟೇಬಲ್ಲು ಸುತ್ತುತ್ತದೆಂಬುದನ್ನು ಬಲ್ಲೆನಾದ್ದರಿಂದ ಈ ಮಾತು.

ರಿಷಬ್ ಶೆಟ್ಟರು ಬರೆದು, ನಿರ್ದೇಶಿಸಿ, ನಟಿಸಿದ ಈ ಚಿತ್ರ ಆ ನುಡಿಯನ್ನು ಬಲ್ಲುದು ಎಂಬುದೇ ಅದರ ದೊಡ್ಡ ಗುಣ. ಕಥೆ ಆರಂಭವಾಗುವುದೇ ಒಂದು ಕರಾರಿನಿಂದ. 1847ರಲ್ಲಿ ನೆಮ್ಮದಿ ಕಳೆದುಕೊಂಡ ಅರಸನಿಗೆ ಕಾಡಿನೊಳಗಿನ ದೈವದ ಕಲ್ಲಿನ ಎದುರು ಶಾಂತಿ ಸಿಗುತ್ತದೆ. ದೈವವನ್ನು ಅರಮನೆಗೆ ಒಯ್ಯಬೇಕಾದರೆ ತನ್ನ ಕೂಗು ಕೇಳಿಸುವಷ್ಟು ದೂರದ ನೆಲವನ್ನು ಜನರಿಗೆ ಬಿಡಬೇಕೆಂದು ದೈವ ಹೇಳುತ್ತದೆ. ಕೂಗು ಇಲ್ಲಿ ಅಬ್ಬರವಲ್ಲ, ಸರ್ವೆಯವರ ಸರಪಳಿ. 1970ರಲ್ಲಿ ಆ ಅರಸನ ವಂಶದವನು ನೆಲ ಹಿಂದಕ್ಕೆ ಕೇಳುತ್ತಾನೆ. ದೈವ ಒಪ್ಪದಾಗ, ಮಾತಾಡುತ್ತಿರುವುದು ದೈವವೋ ನರ್ತಕನೋ ಎಂದು ಸವಾಲು ಹಾಕುತ್ತಾನೆ. ನರ್ತಕ ಕಾಡಿನೊಳಗೆ ಓಡಿ ಮಾಯವಾಗುತ್ತಾನೆ. ಪಾಡ್ದನದಲ್ಲಿ ದೈವಗಳಾದವರು ಸತ್ತರೆಂದು ಹೇಳುವುದಿಲ್ಲ, ಮಾಯವಾದರು ಎಂದೇ ಹೇಳುವುದು. ಇಷ್ಟು ಸಣ್ಣ ವಿಷಯವನ್ನು ಇಷ್ಟು ಸರಿಯಾಗಿ ಹಿಡಿದ ಚಿತ್ರವನ್ನು ನಾನು ಬೇರೆ ನೋಡಿಲ್ಲ. ಅಜನೀಶ್ ಲೋಕನಾಥರ ಸಂಗೀತ, ಅರವಿಂದ್ ಕಶ್ಯಪರ ಛಾಯಾಗ್ರಹಣ, ಅಚ್ಯುತ್ ಕುಮಾರರ ಮೆತ್ತನೆಯ ಧಣಿ, ಎಲ್ಲದಕ್ಕೂ ಬಂದ ಹೊಗಳಿಕೆ ನ್ಯಾಯವಾದುದೇ.

ಆಕ್ಷೇಪಣೆ ಇರುವುದು ಆಮೇಲಿನದರ ಬಗ್ಗೆ. 1970ರಿಂದ ಕಥೆ ಒಮ್ಮೆಗೇ 1990ಕ್ಕೆ ಹಾರುತ್ತದೆ. ನಡುವೆ ಏನಾಯಿತೆಂದು ನಮ್ಮ ಜಿಲ್ಲೆಯ ಯಾವ ಒಕ್ಕಲನ್ನು ಕೇಳಿದರೂ ಹೇಳುತ್ತಾನೆ. ದೇವರಾಜ ಅರಸರ ಸರ್ಕಾರದ ಭೂ ಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಕಾರ್ಕಳ ತಾಲೂಕಿನ ನಮ್ಮೂರಿನಲ್ಲಿ ಗುತ್ತಿನ ಮನೆಗೆ ಅಕ್ಕಿಮುಡಿ ಹೊತ್ತು ಗೇಣಿ ಸಲ್ಲಿಸುತ್ತಿದ್ದ ಅಜ್ಜ ಡಿಕ್ಲರೇಶನ್ ಕೊಟ್ಟು ಎರಡು ಎಕರೆಗೆ ಒಡೆಯನಾದ. ಡಿಕ್ಲರೇಶನ್ ಕೊಡುವ ಮುಂಚಿನ ರಾತ್ರಿ ದೈವಕ್ಕೆ ಒಂದು ತೆಂಗಿನಕಾಯಿ ಇಟ್ಟು, ಧಣಿಗಳ ಉಪ್ಪು ತಿಂದವನ ತಪ್ಪಾದರೆ ಕ್ಷಮಿಸು ಎಂದನಂತೆ. ದೈವಕ್ಕೂ ಕಾಯಿದೆಗೂ ನಡುವೆ ಸಿಕ್ಕಿದ ಅಂಥ ಮನುಷ್ಯನ ಸಂಕಟ ಚಿತ್ರಕ್ಕೆ ಬೇಡವಾಗಿದೆ. ಕಾಡಂಚಿನ ದತ್ತಿ ನೆಲಕ್ಕೆ ಗೇಣಿಯ ಕಾಯಿದೆ ತಾಗುವುದಿಲ್ಲವೆಂದು ವಾದಿಸಬಹುದು. ಆದರೆ ಧಣಿ 1990ರಲ್ಲೂ ಹಳೆಯ ಧಣಿಯೇ ಆಗಿದ್ದಾನೆ. ಆ ಇಪ್ಪತ್ತು ವರ್ಷ ಅವನ ಮನೆಯ ಹೆಂಚೊಂದನ್ನೂ ಅಲುಗಿಸಿಲ್ಲ. ನಂಬಲು ನನಗೆ ಕಷ್ಟವಾಯಿತು.

ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಬಿ.ವಿ. ಕಾರಂತರು ಅದನ್ನು 1975ರಲ್ಲಿ ಚಿತ್ರವಾಗಿಸಿದರು. ಅಲ್ಲಿಯೂ ಪಂಜುರ್ಲಿ ಇದೆ. ಮತ ಬದಲಿಸಿದರೆ ಬೇಸಾಯಕ್ಕೆ ನೆಲ ಸಿಗುತ್ತದೆಂದು ಹೊರಟ ಚೋಮ ತನ್ನ ದೈವವನ್ನು ಬಿಡಲಾರದೆ ಹಿಂದಿರುಗುತ್ತಾನೆ. ಅವನಿಗೆ ನೆಲವೂ ಇಲ್ಲ, ದೈವ ಬಂದು ಯಾರನ್ನೂ ಹೊಡೆಯುವುದೂ ಇಲ್ಲ. ‘ಕಾಂತಾರ’ದ ಕೊನೆಯ ಅರ್ಧ ಗಂಟೆಯಲ್ಲಿ ಸತ್ತು ಬಿದ್ದ ನಾಯಕನ ಮೈಯಲ್ಲಿ ಗುಳಿಗ ಸೇರಿ ಧಣಿಯ ಬಂಟರನ್ನು ಚೆಂಡಾಡುತ್ತದೆ. ನೋಡಲು ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಕೋಲದಲ್ಲಿ ದೈವ ಗೆಲ್ಲುವುದು ಮಾತಿನಿಂದ. ನಾಲ್ಕು ಜನರ ಎದುರು ಒಪ್ಪಿಸಿ ಗೆಲ್ಲುತ್ತದೆ. ಧಣಿಯ ತಲೆ ಒಡೆದುಬಿಟ್ಟರೆ ಅವನಿಂದ ಒಪ್ಪಿಸಿದಂತಾಗಲಿಲ್ಲ. ಇದನ್ನು ನಿರ್ದೇಶಕರೂ ಬಲ್ಲರೆಂದು ತೋರುತ್ತದೆ. ಹೊಡೆದಾಟವೆಲ್ಲ ಮುಗಿದ ಮೇಲೆ ದೈವ ಒಂದು ಮಾತೂ ಆಡದೆ ಅರಣ್ಯಾಧಿಕಾರಿಯ ಕೈಯನ್ನೂ ಊರಿನವರ ಕೈಗಳನ್ನೂ ಎಳೆದು ತನ್ನ ಎದೆಗೆ ಸೇರಿಸಿಕೊಳ್ಳುವ ದೃಶ್ಯವಿದೆಯಲ್ಲ, ನನ್ನ ಕಣ್ಣಲ್ಲಿ ನೀರು ಬಂದದ್ದು ಅಲ್ಲಿ. ಎರಡು ಸಲವೂ ಬಂತು.

2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಅಧ್ಯಾಯ 1’ರ ಬಗ್ಗೆ ಹೆಚ್ಚು ಬರೆಯಲಾರೆ. ಕದಂಬರ ಕಾಲ, ಅರಮನೆ, ಬಂದರು, ರಥ, ಯುದ್ಧ, ಎಲ್ಲ ದೊಡ್ಡದು. ದೈವ ಮಾತ್ರ ಚಿಕ್ಕದಾಗಿ, ಒಂದು ಆಯುಧವಾಗಿ ಉಳಿಯಿತೆಂದು ನನಗೆ ಅನ್ನಿಸಿತು. ನನ್ನ ಮಗಳು ಇದನ್ನು ಒಪ್ಪುವುದಿಲ್ಲ. ಜನ ಚಿತ್ರಮಂದಿರದೊಳಗೇ ವೇಷ ಹಾಕಿ ಆವೇಶ ಬಂದವರಂತೆ ಆಡತೊಡಗಿದಾಗ ನಿರ್ಮಾಪಕರೇ ಹಾಗೆ ಮಾಡಬೇಡಿರೆಂದು ಕೇಳಿಕೊಳ್ಳಬೇಕಾಯಿತು. ಪ್ರೇಕ್ಷಕರಿಗೆ ಕೂಗೊಂದನ್ನೇ ದೊಡ್ಡದು ಮಾಡಿ ಕೊಟ್ಟರೆ ಅವರು ಮನೆಗೆ ಒಯ್ಯುವುದೂ ಅದನ್ನೇ.

ಆದರೂ ಚಿತ್ರದಿಂದ ಒಳ್ಳೆಯದಾಗಲಿಲ್ಲವೆಂದರೆ ಸುಳ್ಳಾದೀತು. 2022ರ ಅಕ್ಟೋಬರಿನಲ್ಲಿಯೇ ರಾಜ್ಯ ಸರ್ಕಾರ ಅರವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಜಾನಪದ ವಿದ್ವಾಂಸರು ದಶಕಗಳ ಕಾಲ ಪುಸ್ತಕಗಳ ಮೇಲೆ ಪುಸ್ತಕ ಬರೆದಾಗ ಆಗದ್ದು ಮೂರು ವಾರದ ಗಲ್ಲಾಪೆಟ್ಟಿಗೆಯಿಂದ ಆಯಿತು. ಗುತ್ತಿನ ಮನೆಗಳ ಗೇಣಿ ನಿಂತ ಮೇಲೆ ನಮ್ಮೂರಿನ ನೇಮದ ಖರ್ಚು ಊರಿನ ಸಮಿತಿಯ ಮೇಲೆ ಬಿತ್ತು. ಸಮಿತಿಯೆಂದರೆ ಅರ್ಧ ಮುಂಬಯಿ. ಹೋಟೆಲಿನಲ್ಲಿ ಲೋಟ ತೊಳೆದು ಮೇಲೆ ಬಂದವರು ಮನಿಯಾರ್ಡರು ಕಳಿಸಿದ್ದರಿಂದ ಎಷ್ಟೋ ದೈವಸ್ಥಾನಗಳ ಮಾಡು ಸೋರದೆ ಉಳಿದಿದೆ. ಚಿತ್ರ ಬಂದ ಮೇಲೆ, ಎಂದೂ ವಂತಿಗೆ ಕೊಡದಿದ್ದ ನನ್ನ ಸೋದರಸಂಬಂಧಿಗಳೂ ಕೊಟ್ಟರು.

2024ರ ಫೆಬ್ರವರಿಯ ನೇಮಕ್ಕೆ ನಾನೂ ಸಂಸಾರ ಸಮೇತ ಹೋದೆ. ಜನವೋ ಜನ. ದೊಡ್ಡ ಪರದೆ ಕಟ್ಟಿದ್ದರು, ಮೇಲೆ ಕ್ಯಾಮೆರಾ ಹಾರುತ್ತಿತ್ತು. ಆರ್ಭಟದ ಹೊತ್ತಿಗೆ ಅಂಗಳದಲ್ಲಿ ಎಲ್ಲರ ಕೈಯೂ ಮೇಲೆ, ಕೈಯಲ್ಲಿ ಮೊಬೈಲು. ಬಂದಿದ್ದ ಹುಡುಗರು ದೈವದ ಜತೆಗೆ ತಾವೂ ಕೂಗಿದರು. ಕುಣಿತ ಮುಗಿದು ನುಡಿ ಆರಂಭವಾದಾಗ ರಾತ್ರಿ ಎರಡೂವರೆ. ಅಂಗಳ ಮುಕ್ಕಾಲು ಖಾಲಿ. ಪರದೆಯನ್ನೂ ಆರಿಸಿದ್ದರು. ಗೋಡೆಯ ಬದಿಗೆ ಕೂತಿದ್ದ ಹದಿನೈದಿಪ್ಪತ್ತು ಮುದುಕರು, ಹೆಂಗಸರು ಮಾತ್ರ ಉಳಿದಿದ್ದರು. ಮರುದಿನ ಮಧ್ಯಾಹ್ನ ಕೋಲ ಕಟ್ಟಿದ ಹಿರಿಯರು ಸಿಕ್ಕರು. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನಮ್ಮಲ್ಲಿ ಕಟ್ಟುತ್ತ ಬಂದವರು. ಕಣ್ಣಿನ ಸುತ್ತ ಅರದಾಳದ ಹಳದಿ ಇನ್ನೂ ಪೂರ್ತಿ ಹೋಗಿರಲಿಲ್ಲ. “ಆರ್ಭಟ ಸಾಕಾಗಲಿಲ್ಲ ಅನ್ನುತ್ತಾರೆ ಮಾರಾಯ್ರೆ, ಸಿನಿಮಾದ ಹಾಗೆ ಇಲ್ಲವಂತೆ,” ಎಂದು ತುಳುವಿನಲ್ಲಿ ನಕ್ಕರು. ಅವರ ಮಗ ಮಂಗಳೂರಿನಲ್ಲಿ ಎಲೆಕ್ಟ್ರಿಷಿಯನ್. ಗಗ್ಗರ ಕಟ್ಟುವುದಿಲ್ಲವೆಂದಿದ್ದಾನೆ. ರಾತ್ರಿ ಕೈ ಮುಗಿದವರು ಬೆಳಿಗ್ಗೆ ಚಾವಡಿಗೆ ಕರೆಯುವುದಿಲ್ಲವಲ್ಲ ಎಂಬುದು ಅವನ ಮಾತಂತೆ. ಜಾತಿಯ ಈ ಕಷ್ಟ ಚಿತ್ರದಲ್ಲಿ ಇಲ್ಲವೆಂದಲ್ಲ. ಅಲ್ಲಿ ಅದು ಕೆಟ್ಟ ಧಣಿಯೊಬ್ಬನ ಗುಣವಾಗಿ ಬಂದು ಅವನೊಂದಿಗೇ ಮುಗಿದುಹೋಗುತ್ತದೆ.

ಮುಂಬಯಿಗೆ ಬಂದ ಮೇಲೆ ಒಂದು ಭಾನುವಾರ ಮಗಳು ಕೇಳಿದಳು, “ಅಪ್ಪಾ, ದೈವ ನಮ್ಮ ಹತ್ತಿರ ಏನು ಹೇಳಿತು?” ದೈವ ನಮ್ಮ ಮನೆತನದ ಹೆಸರು ಕರೆದದ್ದು, ಪರವೂರಿನ ಮಕ್ಕಳು ಎಂದದ್ದು ನನಗೆ ನೆನಪಿತ್ತು. ಮುಂದಿನದು ನೆನಪಿರಲಿಲ್ಲ. ಆ ಹೊತ್ತಿನಲ್ಲಿ ನಾನು ಮೊಬೈಲನ್ನು ಎತ್ತಿ ಹಿಡಿದು, ಎಲ್ಲ ಚೆನ್ನಾಗಿ ಬರಲಿ, ಆಫೀಸಿನವರಿಗೆ ತೋರಿಸೋಣವೆಂದು ತೆಗೆಯುತ್ತಿದ್ದೆ. ಅದನ್ನು ಹಾಕಿ ನೋಡಿದೆವು. ಚಿತ್ರ ಸ್ಪಷ್ಟವಾಗಿತ್ತು. ಹಿಂದಿನಿಂದ ಜನರೇಟರಿನ ಸದ್ದು. ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಮೂರು ಸಲ ಹಾಕಿದೆವು.

ಕೊನೆಗೆ ಊರಿನಲ್ಲಿರುವ ಅಕ್ಕನಿಗೆ ಫೋನು ಮಾಡಿ ಕೇಳಿದೆ.

“ನೀನೇ ಎದುರು ನಿಂತಿದ್ದೆಯಲ್ಲ ಮಾರಾಯ,” ಎಂದಳು ಅಕ್ಕ. “ನಾನು ಊಟಕ್ಕೆ ಬಡಿಸುತ್ತಿದ್ದೆ. ನೀನು ಕೇಳಿಕೊಂಡಿರುತ್ತೀ, ಆಮೇಲೆ ಹೇಳುತ್ತೀ ಅಂತ ಇದ್ದೆ.”