‘ಕೆರೆಗೆ ಹಾರ’ದಲ್ಲಿ ಉಳಿದವರ ದುಃಖ

ರೋಣ ತಾಲೂಕಿನ ಅಸೂಟಿಯಂತಹ ಎರೆನೆಲದ ಊರುಗಳಲ್ಲಿ ಕೆರೆಯ ನೀರಿನ ಬೆಲೆಯನ್ನು ಅರಿಯದವರಿಲ್ಲ. ಆದುದರಿಂದ ‘ಕೆರೆಗೆ ಹಾರ’ವೆಂಬ ಜನಪದ ಕಥನಗೀತವು ಇಲ್ಲಿಯ ಕೇಳುಗರ ಎದೆಯನ್ನು ಬೇಗನೆ ಮುಟ್ಟುವುದು. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬರಲೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಟ್ಟರು. ದಂಡಿನಿಂದ ಮರಳಿದ ಪತಿ ಮಾದೇವರಾಯನು ಅದೇ ಕೆರೆಗೆ ಹಾರಿದನು. ರಸಿಕರು ಈ ಅಂತ್ಯವನ್ನು ಪ್ರೇಮದ ಪರಾಕಾಷ್ಠೆಯೆಂದು ಕೊಂಡಾಡುವುದುಂಟು. ಆ ಮಾತು ವಿಚಾರಣೀಯವಾಗಿದೆ.

ಮಾದೇವರಾಯನು ನೀರಿಗೆ ಬೀಳುವಲ್ಲಿಗೆ ಗೀತವು ಮುಗಿಯುವುದು. ಮನೆಯವರ ದುಃಖವು ಅಲ್ಲಿಂದಲೇ ಮೊದಲಾಗುವುದು. ಮಡದಿಯು ತವರಿಗೆ ಹೋಗಿರುವಳೆಂದು ನುಡಿದವರು ಆ ಸುಳ್ಳಿನೊಡನೆ ಬಾಳಬೇಕು. ನಿಜವನ್ನು ತಿಳಿಸಿದ ಗೆಳತಿಯು, ತಾನು ನುಡಿಯದಿದ್ದರೆ ಅವನು ಉಳಿಯುತ್ತಿದ್ದನೇನೋ ಎಂದು ಬೇಯಬೇಕು. ಆತ್ಮತ್ಯಾಗಿಗಳಿಗೆ ಉದಕಕ್ರಿಯೆಯಿಲ್ಲವೆಂಬುದು ಮನುಸ್ಮೃತಿಯ ಐದನೆಯ ಅಧ್ಯಾಯದ ವಿಧಿ. ಈ ದಂಡನೆಯು ಸತ್ತವನನ್ನು ಮುಟ್ಟಲಾರದು. ಬದುಕಿರುವ ತಂದೆಯನ್ನು ಸುಡುವುದು. ತುಂಬಿದ ಕೆರೆಯ ಏರಿಯ ಮೇಲೆ ನಿಂತರೂ ಮಗನಿಗೆ ಬೊಗಸೆ ನೀರು ಬಿಡುವಂತಿಲ್ಲ. ದಾಹವಾದಾಗ ತಾನು ಕುಡಿಯಬೇಕಾದುದೂ ಅದೇ ನೀರು.

ಹಾಡಿದವರು ಇದನ್ನು ಬಾಯಿಬಿಟ್ಟು ಹೇಳಿಲ್ಲ. ಕೇಳಿದವರಾದರೂ ಹಾಡು ನಿಂತ ಮೇಲೆ, ಮೆಚ್ಚುಗೆಯ ಮಾತಿಗೆ ಮುನ್ನ, ಆ ಮನೆಯ ಕಡೆಗೊಮ್ಮೆ ತಿರುಗಿ ನೋಡುವುದು ಉಚಿತ.