ಪಂಪ್ ಕೂರಿಸಿದ ಮರುದಿನದಿಂದ

ಸೋತ ಹೃದಯಕ್ಕೆ ಪಂಪ್ ಕೂರಿಸಿದ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಎರಡು ಮಾತು ಕೇಳಿಬರುತ್ತವೆ: ರೋಗಿ ಗೆದ್ದ, ಇನ್ನು ಬೆಲೆಯೊಂದು ಇಳಿದರೆ ಬಡವರಿಗೂ ದಕ್ಕುತ್ತದೆ. ಬೆಲೆ ದೊಡ್ಡ ಅಡ್ಡಿ ಎಂಬುದರಲ್ಲಿ ತಕರಾರಿಲ್ಲ. ಆದರೆ ಅದೊಂದೇ ಅಡ್ಡಿ ಎನ್ನುವುದನ್ನು ನಾನು ಒಪ್ಪಲಾರೆ.

2001ರಲ್ಲಿ ಪ್ರಕಟವಾದ ರಿಮ್ಯಾಚ್ ಅಧ್ಯಯನವನ್ನೇ ನೋಡಿ. ಹೃದಯ ಕಸಿಗೆ ಅರ್ಹರಲ್ಲದ 129 ರೋಗಿಗಳು. ಬರೀ ಔಷಧಿ ತೆಗೆದುಕೊಂಡವರಲ್ಲಿ ವರ್ಷದ ಕೊನೆಗೆ ಬದುಕಿದ್ದವರು ಶೇ. 25, ಪಂಪ್ ಹಾಕಿಸಿಕೊಂಡವರಲ್ಲಿ ಶೇ. 52. ಇಷ್ಟು ಓದಿದರೆ ಗೆಲುವೇ. ಎರಡನೇ ವರ್ಷಕ್ಕೆ ಬಂದರೆ ಪಂಪ್ ಇದ್ದವರಲ್ಲೂ ಉಳಿದದ್ದು ಶೇ. 23 ಮಾತ್ರ. ಸೋಂಕು ಅವರನ್ನು ಕಾಡಿತ್ತು, ಯಂತ್ರಗಳೇ ಕೆಟ್ಟಿದ್ದವು.

ಆಮೇಲೆ ಎಂಜಿನಿಯರುಗಳು ಹೃದಯದ ಬಡಿತವನ್ನು ಅನುಕರಿಸುವ ಹಟ ಬಿಟ್ಟರು. ಈಗಿನ ಹಾರ್ಟ್‌ಮೇಟ್ 3 ಪಂಪಿನಲ್ಲಿ ಚಕ್ರವೊಂದು ಅಯಸ್ಕಾಂತದ ಬಲದಲ್ಲಿ ಯಾವುದಕ್ಕೂ ತಾಗದೆ ತೇಲುತ್ತಾ ತಿರುಗಿ ರಕ್ತವನ್ನು ಎಡೆಬಿಡದೆ ನೂಕುತ್ತದೆ. ದೊಡ್ಡ ಪ್ರಯೋಗವೊಂದರಲ್ಲಿ ಐದು ವರ್ಷದ ನಂತರವೂ ಬದುಕಿದ್ದವರು ಶೇ. 58. ಅದನ್ನು ಕಟ್ಟಿದವರಿಗೆ ಕೈಮುಗಿಯುತ್ತೇನೆ.

ಆದರೆ ಈ ಐದು ವರ್ಷಗಳನ್ನು ದಿನದಿನವೂ ದಾಟಿಸುವವರು ಯಾರು? ಹೊಟ್ಟೆಯ ಚರ್ಮವನ್ನು ತೂರಿ ಒಂದು ತಂತಿ ಹೊರಬರುತ್ತದೆ. ಅದು ಹೊರಬರುವ ಜಾಗಕ್ಕೆ ಕೈ ತೊಳೆದು, ಮಾಸ್ಕ್ ಹಾಕಿಕೊಂಡು ಡ್ರೆಸ್ಸಿಂಗ್ ಮಾಡುವವರು ಹೆಂಡತಿ, ಇಲ್ಲವೇ ಮಗ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ, ಅದರ ಪ್ರಮಾಣ ಸರಿಯಿದೆಯೇ ಎಂದು ನೋಡಲು ಮತ್ತೆ ಮತ್ತೆ ಐಎನ್‌ಆರ್ ಪರೀಕ್ಷೆ. ಸೊಂಟದಲ್ಲಿ ಕಂಟ್ರೋಲರ್, ಹೆಗಲಲ್ಲಿ ಬ್ಯಾಟರಿ, ರಾತ್ರಿ ಮಲಗುವಾಗ ಗೋಡೆಯ ಕರೆಂಟು. ಲಾಸ್ ಏಂಜಲೀಸ್ ಬಳಿಯ ರೆಡೊಂಡೊ ಬೀಚ್‌ನಲ್ಲಿ ಮನೆಯಿದ್ದ ರೋಗಿಯೂ ಸಮುದ್ರದ ದಂಡೆಯಲ್ಲಿ ನಡೆದಾಡಬಹುದೇ ಹೊರತು ನೀರಿಗಿಳಿದು ಈಜುವಂತಿಲ್ಲ. ಆದರೂ ಅಲ್ಲಿ ಕರೆಂಟು ಕೈಕೊಡುವುದು ಅಪರೂಪ, ಪಂಪಿನ ಬಗ್ಗೆ ತಿಳಿದ ಆಸ್ಪತ್ರೆ ದೂರವಿಲ್ಲ.

ಅದೇ ರೋಗಿ ಸಿಂಧನೂರಿನ ಹಳ್ಳಿಯೊಂದರಲ್ಲಿ ತಲೆಸುತ್ತಿ ಬಿದ್ದರೆ? ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮಣಿಕಟ್ಟು ಹಿಡಿದರೆ ನಾಡಿ ಸಿಗದೇ ಹೋಗಬಹುದು, ಬಿಪಿ ಯಂತ್ರವೂ ಸರಿಯಾಗಿ ತೋರಿಸದೇ ಇರಬಹುದು. ರಕ್ತವನ್ನು ಎಡೆಬಿಡದೆ ನೂಕುವ ಇಂಥ ಪಂಪ್ ಇದ್ದವರಲ್ಲಿ ಅದು ಸಹಜ. ಒತ್ತಡ ಅಳೆಯಲು ಡಾಪ್ಲರ್ ಬೇಕು. ಇದು ಗೊತ್ತಿಲ್ಲದವರಿಗೆ ಎದುರಿಗಿರುವುದು ಹೆಚ್ಚುಕಮ್ಮಿ ಹೆಣವೇ. ಪಂಪನ್ನು ಪುಕ್ಕಟೆ ಕೊಟ್ಟರೂ ಈ ಕಷ್ಟ ಹಾಗೇ ಉಳಿಯುತ್ತದೆ.

ಇನ್ನೊಂದು ಸಂಗತಿಯನ್ನು ನಾವು ಪೂರ್ತಿ ಮರೆತಿದ್ದೇವೆ. 2008ರಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಡಾ. ದೇವಿ ಶೆಟ್ಟಿಯವರ ತಂಡ ವೆಂಟ್ರಾಸಿಸ್ಟ್ ಎಂಬ ಪಂಪ್ ಅಳವಡಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಅದನ್ನು ತಯಾರಿಸಿದ್ದು ಆಸ್ಟ್ರೇಲಿಯಾದ ವೆಂಟ್ರಕಾರ್. ಮರುವರ್ಷವೇ, 2009ರಲ್ಲಿ, ಹಣವಿಲ್ಲದೆ ಆ ಕಂಪನಿ ಬಾಗಿಲು ಮುಚ್ಚಿತು. ಪಂಪ್ ಕೆಟ್ಟದ್ದೆಂದಲ್ಲ, ಬಂಡವಾಳ ಹುಟ್ಟಲಿಲ್ಲ. 2021ರ ಜೂನ್‌ನಲ್ಲಿ ಮೆಡ್‌ಟ್ರಾನಿಕ್ ಕಂಪನಿಯೂ ತನ್ನ ಎಚ್‌ವಿಎಡಿ ಪಂಪಿನ ಮಾರಾಟ ನಿಲ್ಲಿಸಿತು. ಪಾರ್ಶ್ವವಾಯು ಹೆಚ್ಚಿತ್ತು, ನಿಂತ ಪಂಪ್ ಮತ್ತೆ ಚಾಲೂ ಆಗದ ಪ್ರಕರಣಗಳೂ ಇದ್ದವು. ಮಾರಾಟ ನಿಂತಿತು, ಅದನ್ನು ಎದೆಯಲ್ಲಿ ಹೊತ್ತವರು ಹೊತ್ತೇ ಇದ್ದರು.

ಈಗ ಹೊಸ ಆಸೆಗಳಿವೆ. ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಬೀಚ್‌ನ ಬೈವಾಕಾರ್ ಕಂಪನಿಯ ಸಂಪೂರ್ಣ ಕೃತಕ ಹೃದಯ 2024ರಲ್ಲಿ ಮೊದಲ ಸಲ ಮನುಷ್ಯನ ಎದೆಯೊಳಗೆ ಕೆಲಸ ಮಾಡಿತು. ಕಾನ್ಪುರದ ಐಐಟಿ ‘ಹೃದ್ಯಂತ್ರ’ ಯೋಜನೆಯಲ್ಲಿ ದೇಶೀ ಪಂಪ್ ಕಟ್ಟಲು ಹೊರಟಿದೆ. ಹೊರಡಲೇಬೇಕು. ಆದರೆ ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳುವವರು ಇವನ್ನೂ ಕೇಳಬೇಕು: ಬ್ಯಾಟರಿ, ಬಿಡಿಭಾಗ ಎಷ್ಟು ವರ್ಷ ಸಿಗುತ್ತವೆ? ನಡುರಾತ್ರಿ ಅಲಾರಂ ಹೊಡೆದುಕೊಂಡರೆ ಕನ್ನಡದಲ್ಲಿ ಫೋನ್ ಎತ್ತುವವರು ಯಾರು? ಜಿಲ್ಲೆಗೆ ಒಬ್ಬರಾದರೂ ತರಬೇತಿ ಪಡೆದ ನರ್ಸ್ ಇರುತ್ತಾರೆಯೇ? ಕಂಪನಿ ಮುಚ್ಚಿದರೆ ರೋಗಿಯ ಹೊಣೆ ಯಾರದು? ಸರ್ಕಾರ ಇದಕ್ಕೆ ಹಣ ಕೊಡುವುದಾದರೆ ಪಂಪಿನ ಬೆಲೆಯ ಜೊತೆಗೆ ಈ ಐದು ವರ್ಷಗಳ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಲಿ.