ಸೆವೆರೀನಳನ್ನು ಕೇಳಿದವರು ಯಾರು?

ಈ ಚಿತ್ರವನ್ನು ನಾನು ಮೊದಲ ಸಲ ನೋಡಿದ್ದು ರೈಲಿನ ಆಸೆಗೆ. ಜಾನ್ ರೆನ್ವಾರ್ ನಿರ್ದೇಶಿಸಿದ 1938ರ ಫ್ರೆಂಚ್ ಚಿತ್ರ ‘ಲಾ ಬೆತ್ ಯುಮೇನ್’, ಅಂದರೆ ‘ಮನುಷ್ಯಮೃಗ’. ಎಮಿಲ್ ಜೋಲಾ 1890ರಲ್ಲಿ ಪ್ರಕಟಿಸಿದ ಕಾದಂಬರಿ ಇದಕ್ಕೆ ಆಧಾರ. ಪ್ಯಾರಿಸ್‌ನಿಂದ ಲ ಹಾವ್ರ್ ಬಂದರಿಗೆ ಹೋಗುವ ಎಕ್ಸ್‌ಪ್ರೆಸ್ಸಿನ ಎಂಜಿನ್ ಮೇಲೆಯೇ ಕ್ಯಾಮೆರಾ ಕೂತಿರುತ್ತದೆ. ಆ ಸದ್ದಿನಲ್ಲಿ ಮಾತು ಎಲ್ಲಿ ಕೇಳಿಸಬೇಕು? ಡ್ರೈವರ್ ಲಾಂತಿಯೇ, ಕಲ್ಲಿದ್ದಲು ಹಾಕುವ ಪೆಕ್ಯೂ, ಇಬ್ಬರೂ ಕೈಸನ್ನೆಯಲ್ಲೇ ಕೆಲಸ ಸಾಗಿಸುತ್ತಾರೆ. ಸುರಂಗ, ಸೇತುವೆ, ಹೊಗೆ. ಲಾಂತಿಯೇ ಪಾತ್ರ ಮಾಡಿದ ಜಾನ್ ಗಾಬಾಂ ಎಂಜಿನ್ ನಡೆಸುವುದನ್ನು ನಿಜವಾಗಿಯೂ ಕಲಿತಿದ್ದನಂತೆ. ನೋಡಿದರೆ ಗೊತ್ತಾಗುತ್ತದೆ. ನಾವು ಒಲೆಯ ಮುಂದೆ ನಿಲ್ಲುವಷ್ಟೇ ಸಲೀಸಾಗಿ ಅವನು ಎಂಜಿನ್ನಿನಲ್ಲಿ ನಿಂತಿರುತ್ತಾನೆ.

ಈಚೆಗೆ ಮತ್ತೆ ನೋಡಿದೆ. ಈ ಸಲ ಕಣ್ಣು ನೆಟ್ಟಿದ್ದು ಸೆವೆರೀನಳ ಮೇಲೆ.

ಸಿಮೋನ್ ಸಿಮೋನ್ ಎಂಬ ನಟಿ, ಬೆಕ್ಕಿನ ಮುಖದವಳು. ಅವಳನ್ನು ನಾವು ಮೊದಲು ಕಾಣುವುದೂ ಕಿಟಕಿಯ ಬಳಿ, ಕೈಯಲ್ಲಿ ಬಿಳಿಯ ಬೆಕ್ಕಿನ ಮರಿ ಹಿಡಿದುಕೊಂಡು. ಗಂಡ ರೂಬೋ ಲ ಹಾವ್ರ್‌ನಲ್ಲಿ ಸಹಾಯಕ ಸ್ಟೇಷನ್ ಮಾಸ್ಟರ್. ದೊಡ್ಡ ಕುಳವೊಬ್ಬನ ಜೊತೆ ನಾಯಿಯ ವಿಷಯಕ್ಕೆ ಜಗಳವಾಗಿ ಅವನಿಗೆ ಕೆಲಸದ ಭಯ ಹತ್ತುತ್ತದೆ. ಆಗ ಏನು ಮಾಡುತ್ತಾನೆ ಹೇಳಿ? ಹೆಂಡತಿಯನ್ನೇ ಗ್ರಾಂಮೋರಾಂ ಎಂಬ ದೊಡ್ಡ ಮನುಷ್ಯನ ಬಳಿಗೆ ಶಿಫಾರಸಿಗೆ ಕಳಿಸುತ್ತಾನೆ. ದೀಕ್ಷಾಸ್ನಾನದಲ್ಲಿ ಅವಳಿಗೆ ತಂದೆಯ ಸ್ಥಾನದಲ್ಲಿ ನಿಂತವನು ಆ ಗ್ರಾಂಮೋರಾಂ. ಅವಳ ತಾಯಿ ಅವನ ಮನೆಯ ಕೆಲಸದವಳು. ಹುಡುಗಿಯಾಗಿದ್ದಾಗಲೇ ಅವನು ಅವಳನ್ನು ಕೆಡಿಸಿದ್ದ. ಅದು ತಿಳಿದ ಕೂಡಲೇ ರೂಬೋ ಹೊಡೆಯುವುದು ಯಾರಿಗೆ? ಅವಳಿಗೇ. ಆಮೇಲೆ ಅವಳ ಕೈಯಿಂದಲೇ ಕಾಗದ ಬರೆಸಿ ಮುದುಕನನ್ನು ರೈಲಿಗೆ ಕರೆಸಿ ಕೊಲ್ಲುತ್ತಾನೆ, ಅವಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು.

ಹೋಗು ಎಂದವನೂ ಅವನೇ, ಹೋದೆಯಲ್ಲ ಎಂದು ಹೊಡೆದವನೂ ಅವನೇ. ಫ್ರಾನ್ಸಿನ ಕತೆ ಎಂದು ನಾವೇನೂ ದೂರ ಕೂತುಕೊಳ್ಳಬೇಕಾಗಿಲ್ಲ.

ಆ ಕೊಲೆಯನ್ನು ರೆನ್ವಾರ್ ನಮಗೆ ತೋರಿಸುವುದಿಲ್ಲ. ಡಬ್ಬಿಯ ಬಾಗಿಲು ಮುಚ್ಚುತ್ತದೆ, ಪರದೆ ಇಳಿಯುತ್ತದೆ, ಅಷ್ಟೇ. ಹೊರಗಿನ ಓಣಿಯಲ್ಲಿ ಲಾಂತಿಯೇ ನಿಂತಿರುತ್ತಾನೆ. ಅವಳ ಮುಖ ನೋಡಿ ಪೊಲೀಸರಿಗೆ ಏನೂ ಹೇಳುವುದಿಲ್ಲ. ಸಿಕ್ಕಿಬೀಳುವವನು ಕಾಬ್ಯೂಶ್ ಎಂಬ ಬಡಪಾಯಿ. ಈ ಪಾತ್ರವನ್ನು ಸ್ವತಃ ರೆನ್ವಾರ್ ಮಾಡಿದ್ದಾನೆ, ಆದರೂ ಚಿತ್ರ ಅವನನ್ನು ಅರ್ಧದಲ್ಲೇ ಮರೆತುಬಿಡುತ್ತದೆ. ನನಗೆ ಇದು ಸರಿಕಾಣಲಿಲ್ಲ.

ಲಾಂತಿಯೇಗೂ ಒಂದು ರೋಗವಿದೆ. ಹೆಣ್ಣಿನ ಹತ್ತಿರ ಹೋದರೆ ಅವನಿಗೆ ಕೊಲ್ಲುವ ಆವೇಶ ಬರುತ್ತದೆ. ಕುಡುಕರಾಗಿದ್ದ ಹಿರಿಯರ ರಕ್ತದ ದೋಷ ಎಂದು ಚಿತ್ರ ಮೊದಲಿಗೇ ಜೋಲಾನ ಮಾತಿನಿಂದ ಹೇಳಿಸಿಬಿಡುತ್ತದೆ. ಇಲ್ಲಿಯೇ ನನ್ನ ತಕರಾರು. ಅವನ ಕೈಗೆ ನೆಪ ಕೊಡಲು ಮೂರು ತಲೆಮಾರು ಸಿದ್ಧವಾಗಿ ನಿಂತಿದೆ. ಸೆವೆರೀನ್‌ಗೆ ಮಾತ್ರ ‘ಗಂಡಸರನ್ನು ಹಾಳುಮಾಡುವ ಮೋಹಿನಿ’ ಎಂಬ ಹೆಸರು. ಅವಳು ಗಂಡನನ್ನು ಕೊಲ್ಲಲು ಲಾಂತಿಯೇಯನ್ನು ಹುರಿದುಂಬಿಸುವುದು ನಿಜ, ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೊದಮೊದಲು ಅವಳು ಅವನಿಂದ ಬಯಸಿದ್ದು ಬರೀ ಸ್ನೇಹ. ನನಗೆ ಯಾರನ್ನೂ ಪ್ರೀತಿಸಲಾಗದು ಎಂದು ಬಿಡಿಸಿ ಹೇಳಿದ್ದಳು. ಏಕೆ ಎಂದು ಯಾವ ಗಂಡಸೂ ಕೇಳಲಿಲ್ಲ.

ಆದರೂ ರೆನ್ವಾರ್ ಕಠಿಣ ಮನಸ್ಸಿನವನಲ್ಲ. ಮಳೆಯಲ್ಲಿ ಅವರಿಬ್ಬರೂ ಶೆಡ್ಡಿನೊಳಗೆ ಸೇರುವ ದೃಶ್ಯದಲ್ಲಿ ಕ್ಯಾಮೆರಾ ಸೂರಿನ ನೀರು ತುಂಬುತ್ತಿರುವ ಪೀಪಾಯಿಯತ್ತ ತಿರುಗುತ್ತದೆ. ಆ ಮರ್ಯಾದೆ ನನಗೆ ಇಷ್ಟವಾಯಿತು. ಅವಳ ಸಾವಿನ ರಾತ್ರಿ ರೈಲ್ವೆಯವರ ನೃತ್ಯಕೂಟ. ಅಲ್ಲಿ ಹಾಡು, ಇಲ್ಲಿ ಚಾಕು. ಹಾಡು ನಿಲ್ಲುವುದೇ ಇಲ್ಲ.

ಮರುದಿನ ಲಾಂತಿಯೇ ಓಡುವ ಎಂಜಿನ್ನಿನಿಂದ ಹಾರಿ ಸಾಯುತ್ತಾನೆ. ಪೆಕ್ಯೂ ರೈಲು ನಿಲ್ಲಿಸಿ ಹಿಂದಕ್ಕೆ ಬಂದು ಗೆಳೆಯನ ಕಣ್ಣು ಮುಚ್ಚುತ್ತಾನೆ, ಒಂದೆರಡು ಒಳ್ಳೆಯ ಮಾತನ್ನೂ ಆಡುತ್ತಾನೆ. ನನಗೂ ಗಂಟಲು ಕಟ್ಟಿತು. ಆಮೇಲೆ ನೆನಪಾಯಿತು, ಸೆವೆರೀನ್ ಅಲ್ಲಿ ಲ ಹಾವ್ರ್‌ನ ಕ್ವಾರ್ಟರ್ಸಿನಲ್ಲಿ ಸತ್ತುಬಿದ್ದಿದ್ದಾಳೆ.